ಮೇಲ್ಬಾಣದ ಕೀ ಒತ್ತಿದ್ದರಿಂದ ಬಯಲಾದ ನಲವತ್ತೊಂದು ಹುಡುಕಾಟಗಳ ಕುರಿತು

ಇಂದ:
ಲತೇಶ್, ಶೆಲ್ ತಯಾರಕ (ಗೌರವ ಸೇವೆ), ಕಾತ್ರಜ, ಪುಣೆ

ಗೆ:
ಶ್ರೀ ಸಂಕಪ್ಪನವರು, ಅಧ್ಯಕ್ಷರು, ಕರಾವಳಿ ವಧೂವರ ಸಮಿತಿ, ಪುಣೆ

ವಿಷಯ: ಲೈಬ್ರರಿ ಆರಿಸಿ ಮಾನ ಕಳೆದುಕೊಂಡವನಿಗೆ ಪರಿಹಾರ ಕೋರಿ.

ಉಲ್ಲೇಖ: ಭಾನುವಾರದ ಸಭೆಯಲ್ಲಿ ಕು. ಪ್ರಣೀತಾ ಕೇಳಿದ ಮೌಖಿಕ ಪ್ರಶ್ನೆ.

ಮಾನ್ಯರೇ,

ಸಮಿತಿಯ ವಧೂವರರ ಪಟ್ಟಿ ಕಂಪ್ಯೂಟರಿಗೆ ಏರಿದ ಮೇಲೆ, ಕಪ್ಪು ಪರದೆಯಲ್ಲಿ ಹೆಸರು ಹೊಡೆದರೆ ಊರು, ಓದು, ಗೋತ್ರದಂಥ ಬಳಿ ಎಲ್ಲ ಹೇಳುವ ಶೆಲ್ ಕಟ್ಟುವ ಕೆಲಸ ಅರ್ಜಿದಾರನ ಕೊರಳಿಗೆ ಬಿತ್ತು. ಸಾಫ್ಟ್‌ವೇರಿನವನಿಗೆ ಅದೆಲ್ಲ ಚಾ ಕುಡಿದಷ್ಟು ಸುಲಭವೆಂದು ಅಪ್ಪಣೆ ಕೊಡಿಸಿದವರು ತಾವೇ. ಮುಂದೆ ನಡೆದದ್ದು ಇಷ್ಟು:

೧. ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಅಂದರೆ ಲೈಬ್ರರಿ, ಮೂರು ಸಿಕ್ಕವು. ಒಂದು ಅಕ್ಷರಗಳಿಗೆ ಬಣ್ಣ ಹಚ್ಚುತ್ತಿತ್ತು. ತಮಗೆ ಬಣ್ಣ ಕಂಡರೆ ಕಣ್ಣುರಿ. ಇನ್ನೊಂದು ಅರ್ಧ ಹೆಸರು ಹೊಡೆದರೆ ಉಳಿದರ್ಧ ತಾನೇ ತುಂಬುತ್ತಿತ್ತು. ಸುದೀಪನ ಹುಡುಗಿ ಸುಧಾಕರನ ಪಾಲಾದಾಳೆಂದು ಕೈಬಿಡಲಾಯಿತು. ಮೂರನೆಯದು ಹಿಂದೆ ಕೇಳಿದ್ದನ್ನೆಲ್ಲ ನೆನಪಿಟ್ಟು, ಮೇಲ್ಬಾಣದ ಕೀ ಒತ್ತಿದರೆ ಮತ್ತೆ ತೋರಿಸುತ್ತಿತ್ತು. ತಾವು ಒಂದೇ ಹೆಸರನ್ನು ಮೂರು ಸಲ ಕೇಳುವವರಾದ್ದರಿಂದ ಅದೇ ಆಯ್ಕೆಯಾಯಿತು.

೨. ಪರೀಕ್ಷೆಗೆಂದು ಅರ್ಜಿದಾರ ಪ್ರಣೀತಾ ಎಂದು ಹೊಡೆದ. ತಾಯಿ ಕಡೆಯಿಂದ ಬರುವ ಬಳಿ ಒಂದೇ ಆದರೆ ಮದುವೆಯ ಮಾತೇ ಇಲ್ಲ. ಆದ್ದರಿಂದ ತನ್ನದೂ ಆಕೆಯದೂ ಬೇರೆಯೇ ಎಂದು ಖಚಿತಪಡಿಸಿಕೊಳ್ಳಲು ಮತ್ತೆ ಹೊಡೆದ. ನಲವತ್ತೊಂದು ಸಲವೂ ಬೇರೆ ಎಂದೇ ಬಂತು. ಪ್ರತಿ ಸಲವೂ ಅವನಿಗೆ ಅಷ್ಟೇ ಖುಷಿಯಾಯಿತು.

೩. ಭಾನುವಾರ ತಾವು ಗೋಡೆಯಗಲದ ಪರದೆಯ ಮೇಲೆ ಶೆಲ್ ತೆರೆಸಿ ಮೇಲ್ಬಾಣ ಒತ್ತಿದಿರಿ. ಪ್ರಣೀತಾ ಬಂತು. ಮತ್ತೆ ಒತ್ತಿದರೂ ಪ್ರಣೀತಾ. ಕೀ ಸಿಕ್ಕಿಕೊಂಡಿದೆಯೆಂದು ಬಗೆದು ಒತ್ತುತ್ತಲೇ ಹೋದಿರಿ. ಮುಂದಿನ ಸಾಲಿನಲ್ಲಿದ್ದ ಆಕೆಯ ತಾಯಿ ಪ್ರೇಮಾವತಿಯವರು ಗಟ್ಟಿಯಾಗಿ ಎಣಿಸಿದರು. ಅರ್ಜಿದಾರನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

೪. ಎಣಿಕೆ ಮುಗಿದ ಮೇಲೆ ಪ್ರಣೀತಾ ಎದ್ದು ನಿಂತು ಕೇಳಿದರು: "ಇಷ್ಟು ಸಲ ಹುಡುಕ್ಲಿಕ್ಕೆ ಪುರುಸೊತ್ತುಂಟು. ಒಂದು ಸಲ ಕೇಳ್ಲಿಕ್ಕೆ ಎಂತ ಕಷ್ಟ ನಿಮಗೆ?" ಉತ್ತರಿಸುವ ಮೊದಲೇ ತಾವು ಎಲ್ಲರನ್ನೂ ಊಟಕ್ಕೆಬ್ಬಿಸಿದಿರಿ.

ಉತ್ತರ ಹೀಗಿದೆ: ಕಷ್ಟವಲ್ಲ, ಹೆದರಿಕೆ. ಇಲ್ಲ ಅಂದುಬಿಟ್ಟಿದ್ದರೆ ಆಮೇಲೆ ಹುಡುಕಲು ಏನೂ ಉಳಿಯುತ್ತಿರಲಿಲ್ಲ.

ಲೈಬ್ರರಿ ಬದಲಿಸುವಂತೆ ಸಮಿತಿ ಸೂಚಿಸಿದೆ, ಬದಲಿಸಲಾಗುವುದು. ಆದರೆ ಶೆಲ್ ಕಟ್ಟುವ ಭರದಲ್ಲಿ ಅರ್ಜಿದಾರ ತನ್ನ ಹೆಸರನ್ನೇ ಪಟ್ಟಿಗೆ ಸೇರಿಸಿಲ್ಲ. ಆದ್ದರಿಂದ ಲಗತ್ತಿಸಿದ ಫಾರಂ ದಾಖಲಿಸಿ, ಮುಂದಿನ ಸಭೆಯಲ್ಲಿ ಕೀಬೋರ್ಡನ್ನು ಐದು ನಿಮಿಷ ಪ್ರಣೀತಾ ಅವರಿಗೆ ಕೊಡಿಸಬೇಕಾಗಿ ಕೋರಿಕೆ. ಅವರು ಒಂದು ಸಲ ಹುಡುಕಿದರೆ ಸಾಕು.

ಇನ್ನೂ ತಮ್ಮ ವಿಶ್ವಾಸದಲ್ಲಿ ಉಳಿಯಬಯಸುವ,
ಲತೇಶ್

ಲಗತ್ತು:
ವರನ ಫಾರಂ, ಒಂದು
ಭಾವಚಿತ್ರ, ಎರಡು (ಒಂದರಲ್ಲಿ ನಕ್ಕಿದ್ದಾನೆ)

ಪ್ರತಿ: ಕು. ಪ್ರಣೀತಾ ಅವರಿಗೆ, ಸೂಕ್ತ ಕ್ರಮಕ್ಕಾಗಿ.