ಪುಸ್ತಕದಲ್ಲಿಲ್ಲದ ಒಂದು ಕಳ್ಳತನ

ಇನ್ನೊಬ್ಬನು ಮಾಡಿದ ಕಳ್ಳತನಗಳ ಲೆಕ್ಕ ಕಮ್ಮಿಯಾಯಿತೆಂದು ದಶಕಗಳಿಂದ ಜಗಳವಾಡುತ್ತಿರುವ ಸಂಭಾವಿತ ಗೃಹಸ್ಥರು ಅಮೆರಿಕದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ದೊಡ್ಡಪ್ಪ! ಮಂಗಳೂರಿನಿಂದ ಬಂದು ಅಟ್ಲಾಂಟಾದಲ್ಲಿ ಮೂಳೆ ಡಾಕ್ಟರಾಗಿದ್ದವರು, ಈಗ ನಿವೃತ್ತರಾಗಿ ಅಲ್ಲೇ ಪಕ್ಕದ ಡುಲುತ್‌ನಲ್ಲಿದ್ದಾರೆ.

ಕಳ್ಳತನವೆಂದರೆ ಬೇಸ್‌ಬಾಲಿನದು. ಎದುರಾಳಿ ಚೆಂಡೆಸೆಯುವ ಗಳಿಗೆಯಲ್ಲೇ, ಬ್ಯಾಟಿನ ನೆರವಿಲ್ಲದೆ, ಒಂದು ಬೇಸಿನಿಂದ, ಅಂದರೆ ಮೈದಾನದ ಒಂದು ಮೂಲೆಯ ಗುರುತಿನಿಂದ, ಮುಂದಿನದಕ್ಕೆ ಓಡಿ ತಲುಪಿದವನು ಬೇಸ್ ಕದ್ದ ಹಾಗೆ. ಎಂದೋ ಆಡಿ ಮುಗಿಸಿದ ಒಬ್ಬ ಓಟಗಾರ ಜೀವಮಾನದಲ್ಲಿ ಎಷ್ಟು ಬೇಸ್ ಕದ್ದನೆಂದು ದಾಖಲೆ ಪುಸ್ತಕ ಹೇಳುತ್ತದೋ, ನಿಜವಾದ ಸಂಖ್ಯೆ ಅದಕ್ಕಿಂತ ಒಂದು ಹೆಚ್ಚು ಎಂಬುದು ದೊಡ್ಡಪ್ಪನ ವಾದ. ಒಂದೇ ಒಂದು!

ಸತ್ಯನಾರಾಯಣ ಪೂಜೆಗೆ ಬಂದವರೂ ಈ ವಾದ ಕೇಳದೆ ಪ್ರಸಾದ ತಿಂದ ಉದಾಹರಣೆಯಿಲ್ಲ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಸಾಫ್ಟ್‌ವೇರ್ ಹುಡುಗನೊಬ್ಬ, "ಒಂದು ತಾನೇ ಅಂಕಲ್, ರೌಂಡ್ ಆಫ್ ಮಾಡಿಬಿಡಿ" ಎಂದ.

"ನಿನ್ನ ಕಾಲಲ್ಲಿ ಒಂದು ಮೂಳೆ ರೌಂಡ್ ಆಫ್ ಮಾಡ್ಲಾ?" ಎಂದರು ದೊಡ್ಡಪ್ಪ. ಹುಡುಗ ಕಾಲು ಮಡಚಿ ಕೂತ.

ಕಳೆದ ಥ್ಯಾಂಕ್ಸ್‌ಗಿವಿಂಗ್‌ಗೆ ನಾನು ನನ್ನ ಊರು ಸ್ಟರ್ಲಿಂಗ್‌ನಿಂದ ಹೋದಾಗ ನನ್ನ ಸರದಿ ಬಂತು.

"ನೀನು ಡಿಬೇಟ್ ಮಾಡಿದವಳಲ್ವಾ? ಪುಸ್ತಕದವರಿಗೆ ಒಂದು ಲೆಟರ್ ಡ್ರಾಫ್ಟ್ ಮಾಡಿ ಕೊಡು ಮಾರಾಯ್ತಿ. ಇದು ನನ್ನ ಕೊನೇ ಅಪೀಲು."

ಯಾರು ಏನು ಹೇಳಿದರೂ ಸಾಕ್ಷಿ ಕೇಳುವುದು ಕಾಲೇಜಿನ ಡಿಬೇಟ್ ತಂಡ ನನಗೆ ಅಂಟಿಸಿದ ಚಟ. "ಸಾಕ್ಷಿ ಯಾರು ದೊಡ್ಡಪ್ಪ?"

"ನಾನೇ. ಮೈದಾನದಲ್ಲಿ ಕಣ್ಣಾರೆ ನೋಡಿದ್ದೇನೆ."

"ಎಲ್ಲಿ ಕೂತಿದ್ರಿ?"

"ಮೂರನೇ ಬೇಸಿನ ಹಿಂದೆ."

ಅರ್ಧ ಗಂಟೆ ಬಿಟ್ಟು ಅದನ್ನೇ ಕೇಳಿದೆ. "ಮೊದಲನೇ ಬೇಸಿನ ಹಿಂದೆ" ಎಂದರು.

"ಆಗ ಮೂರನೇದು ಅಂದ್ರಿ!"

"ನಡುವೆ ಎದ್ದು ಹೋದೆ ಮಾರಾಯ್ತಿ, ನೆಲಕಡಲೆ ತಗೊಳ್ಳಿಕ್ಕೆ!"

ನೆಲಕಡಲೆಗಾಗಿ ಅರ್ಧ ಮೈದಾನ ಸುತ್ತುತ್ತಾರೆಯೇ? ನನ್ನ ಅನುಮಾನ ಗಟ್ಟಿಯಾಯಿತು. ಆಗ ಅವರು ಬೀರುವಿನಿಂದ ಹಳೆಯ ನೋಟ್‌ಬುಕ್ ತೆಗೆದು ಎದುರಿಗಿಟ್ಟರು. ಇಡೀ ಆಟದ ವಿವರ, ಕನ್ನಡದಲ್ಲಿ, ಮುತ್ತು ಪೋಣಿಸಿದಂಥ ಅಕ್ಷರ. ಓದಲು ಬರುವಂತೆ ಬರೆಯುವ ಡಾಕ್ಟರನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ!

ಕೊನೆಯ ಸಾಲು ಹೀಗಿತ್ತು: 'ಒಂಬತ್ತನೇ ಇನ್ನಿಂಗ್ಸ್. ಎರಡನೇ ಬೇಸಿಗೆ ಓಡಿದ. ಅವನನ್ನು ತಡೆಯಲು ಯಾರೂ ಚೆಂಡು ಎಸೆಯಲೇ ಇಲ್ಲ, ಅಷ್ಟು ವೇಗ!'

ಫೋನಿನಲ್ಲಿ ನಿಯಮ ಹುಡುಕಿದೆ. ಸಿಕ್ಕಿತು! ಆಟ ಹೇಗೂ ಮುಗಿಯುತ್ತ ಬಂತೆಂದು ಎದುರು ತಂಡ ಓಡುವವನನ್ನು ತಡೆಯದೆ ಸುಮ್ಮನೆ ಬಿಟ್ಟರೆ ಅದು ಕಳ್ಳತನವೇ ಅಲ್ಲ. ಪುಸ್ತಕ ಸರಿ, ದೊಡ್ಡಪ್ಪ ತಪ್ಪು. ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಓಡಿದೆ.

"ದೊಡ್ಡಮ್ಮ, ಇದು ನಿಮ್ಮ ಅಕ್ಷರ ಅಲ್ವಾ?"

"ಮತ್ತೆ? ಇವರಿಗೆ ಆ ದಿನ ಡ್ಯೂಟಿ. ನಾನು ಈ ದೇಶಕ್ಕೆ ಬಂದು ಎರಡು ತಿಂಗಳು. ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ಅದು ಹೇಳಿದ್ದನ್ನು ಬರೆದಿಟ್ಟು, ಇವರು ಬಂದು ಊಟಕ್ಕೆ ಕೂತಾಗ ಓದ್ತಿದ್ದೆ."

"ಹಾಗಾದ್ರೆ ಮೈದಾನ?"

"ಪುಸ್ತಕದಲ್ಲಿ ಆ ಕಳ್ಳತನ ಇರಲಿಲ್ಲ. ಹೆಂಡತಿ ಬರೆದದ್ದು ತಪ್ಪಲ್ಲ ಅಂತ ಇವರು ಪುಸ್ತಕದವರಿಗೆ ಕಾಗದ ಹಾಕಿದ್ರು. ನಿಮ್ಮ ಹೆಂಡತಿ ಮೈದಾನದಲ್ಲಿದ್ರಾ ಅಂತ ಉತ್ತರ ಬಂತು. ಅವತ್ತಿನಿಂದ ಇವರು ಮೈದಾನದಲ್ಲಿದ್ರು!"

ನಾನು ನಿಯಮ ಓದಿ ಹೇಳಿದೆ. ದೊಡ್ಡಮ್ಮ ನೀರುದೋಸೆ ಮಡಚಿ ತಟ್ಟೆಗೆ ಹಾಕಿದರು.

"ಗೊತ್ತುಂಟು ಮಗಾ. ಮರುವರ್ಷ ರೇಡಿಯೋದವನೇ ಹೇಳಿದ. ಅಷ್ಟರಲ್ಲಿ ಇವರು ನನಗೋಸ್ಕರ ಮೂರು ಕಾಗದ ಹಾಕಿ ಆಗಿತ್ತು. ಹೇಗೆ ಹೇಳ್ಲಿ? ನೀನೂ ಹೇಳ್ಬೇಡ."

ಗೆಲ್ಲುವ ವಾದ ಕೈಯಲ್ಲಿಟ್ಟುಕೊಂಡು ನಾನು ಎಂದೂ ಬಾಯಿ ಮುಚ್ಚಿದವಳಲ್ಲ. ಹೊರಗೆ ಬಂದು ಲ್ಯಾಪ್‌ಟಾಪ್ ತೆರೆದೆ.

"ನೀವು ಹೇಳಿದ್ದೇ ಸರಿ ದೊಡ್ಡಪ್ಪ. ಲೆಟರ್ ಬರೀತೀನಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದರು. ಈ ಸಲ ಅನುಮಾನ ಅವರದು.

"ಇಷ್ಟು ಬೇಗ ಸೋತ್ಯಾ? ಒಳಗೆ ಅವಳು ಎಂತ ಹೇಳಿದ್ಳು?"

"ದೋಸೆ ರೆಡಿ ಅಂದ್ರು."

ಅಡುಗೆಮನೆಯತ್ತ ಒಮ್ಮೆ ನೋಡಿ, ಕುರ್ಚಿ ಹತ್ತಿರ ಎಳೆದು, ದನಿ ತಗ್ಗಿಸಿದರು.

"ಆ 'ಯಾರೂ ಎಸೆಯಲಿಲ್ಲ' ಅಂತ ಉಂಟಲ್ಲ, ಆ ಸಾಲು ಮಾತ್ರ ಲೆಟರಿಗೆ ಹಾಕ್ಬೇಡ. ನಿಯಮ ನಾನೂ ಓದಿದ್ದೇನೆ. ಅವಳಿಗೆ ಗೊತ್ತಾಗೋದು ಬೇಡ."