ಪಂಚಾಕ್ಷರಿ ಮೇಷ್ಟ್ರ ‘ವರೆಗೆ’ಭಂಜಕ

"ಇನ್ಮೇಲೆ ಈ ಮನೇಲಿ ‘ವರೆಗೆ’ ಅನ್ನೋ ಮಾತೇ ಇರಲ್ಲ ಕಣೇ!" ಎಂದು ಪಂಚಾಕ್ಷರಿ ಮೇಷ್ಟ್ರು ತಮ್ಮ ಹೊಸ ಯಂತ್ರವನ್ನು ಎತ್ತಿ ತೋರಿಸಿದರು. ಹೆಂಡತಿ ದಾಕ್ಷಾಯಣಿ ಹತ್ತಿರ ಬಂದು ನೋಡಿದಳು. ತಂತಿ ಸುತ್ತಿಸಿಕೊಂಡು ಕೂತಿದ್ದದ್ದು ಅವಳ ಪ್ರೆಷರ್ ಕುಕ್ಕರ್!

ಜಗಳಕ್ಕೆ ಪುರುಸೊತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆನ್‌ಲೈನ್ ವಚನ ಗಾಯನ ಸ್ಪರ್ಧೆಯ ಫೈನಲ್. ಹೋದ ವರ್ಷ ಅವಳು ಬಾಯಿ ತೆರೆದ ಕ್ಷಣಕ್ಕೇ ನೆಟ್ ನಿಂತು, ತುಮಕೂರಿನ ಮಹಿಳಾ ಸಮಾಜವಿಡೀ ಅವಳ ತೆರೆದ ಬಾಯಿಯನ್ನೇ ನೋಡುತ್ತ ಕೂತಿತ್ತು. ಆ ಅವಮಾನ ಇನ್ನೂ ಆರಿರಲಿಲ್ಲ.

"ನೆಟ್ ಕಂಪ್ನಿಯೋರು ಜಾಹೀರಾತಲ್ಲಿ ಏನಂತ ಹಾಕ್ತಾರೆ? ನೂರು ಎಂಬಿಪಿಎಸ್ ವರೆಗೆ! ಹನ್ನೆರಡು ಬಂದ್ರೂ ಅದು ನೂರರ ಒಳಗೇ ತಾನೇ? ಸಂಜೆ ಆದ್ರೆ ಬೀದಿಯೋರೆಲ್ಲ ಒಂದೇ ಕೇಬಲ್‌ನಿಂದ ಎಳೀತಾರೆ. ಉಳಿದದ್ದನ್ನ ನಮ್ಮನೆ ಗೋಡೆ ನುಂಗುತ್ತೆ. ನನ್ನ ಯಂತ್ರ ಪೂರ್ತಿ ಎಳ್ಕೊಂಡ್ಬರುತ್ತೆ!"

"ಯಾರಿಂದ ರೀ?"

"ವಿಜ್ಞಾನಕ್ಕೆ ಅಂಥ ಸಣ್ಣ ಪ್ರಶ್ನೆ ಕೇಳ್ಬಾರ್ದು!"

ಸ್ವಿಚ್ ಒತ್ತಿದರು. ಕುಕ್ಕರ್ ಒಮ್ಮೆ ಕೂಗಿತು. ಲ್ಯಾಪ್‌ಟಾಪಿನಲ್ಲಿ ವೇಗದ ಮುಳ್ಳು ಸರ್ರನೆ ನೂರು ಮುಟ್ಟಿತು! ಮೇಷ್ಟ್ರು ಲುಂಗಿ ಎತ್ತಿ ಕಟ್ಟಿ ಕುಣಿದೇಬಿಟ್ಟರು.

ಕುಣಿತ ಮುಗಿಯುವ ಮೊದಲೇ ಎದುರು ಮನೆಯ ಹೊನ್ನಮ್ಮ ಓಡಿ ಬಂದಳು. "ಅಕ್ಕಾ, ನಮ್ಮನೆ ಧಾರಾವಾಹಿ ನಿಂತೋಯ್ತು! ಸೊಸೆ ಪಾಯಸಕ್ಕೆ ವಿಷ ಹಾಕಕ್ಕೆ ಕೈ ಎತ್ತಿದ್ಲು, ಹಂಗೇ ನಿಂತವ್ಳೆ!" ಅವಳ ಹಿಂದೆಯೇ ಪಕ್ಕದ ಮನೆಯ ಇಕ್ಬಾಲ್ ಸಾಹೇಬರು, ಅರ್ಧಕ್ಕೆ ನಿಂತ ಕ್ರಿಕೆಟ್ಟಿನ ಸಿಟ್ಟು ಹೊತ್ತು ಬಂದರು. ನೋಡನೋಡುತ್ತ ಹಾಲ್ ತುಂಬಿತು.

"ನಿಲ್ಸ್ರೀ ಅದನ್ನ! ಬೀದಿಯೋರ ನೆಟ್ಟೆಲ್ಲ ನಮ್ಮನೆಗೇ ಬಂದಿದೆ!"

"ನಿಲ್ತಾ ಇಲ್ವಲ್ಲೇ! ‘ವರೆಗೆ’ ತೆಗೆದ್ಮೇಲೆ ಅದಕ್ಕೆ ಕೊನೆ ಎಲ್ಲಿ?"

ಕುಕ್ಕರ್ ಮತ್ತೆ ಕೂಗಿತು. ಮುಳ್ಳು ನೂರು ದಾಟಿತು, ಸಾವಿರ ದಾಟಿತು, ಪರದೆಯಿಂದಲೇ ಮಾಯವಾಯಿತು. ಅಷ್ಟರಲ್ಲಿ ಸ್ಪರ್ಧೆಯಲ್ಲಿ ಅವಳ ಸರದಿ ಬಂತು. ದಾಕ್ಷಾಯಣಿ ಓಡಿ ಹೋಗಿ ಕ್ಯಾಮೆರಾ ಮುಂದೆ ಕೂತು ಉಸಿರೆಳೆದುಕೊಂಡಳು. ಇನ್ನೂ ತುಟಿ ಬಿಚ್ಚಿಲ್ಲ, ಪರದೆ ತುಂಬ ಚಪ್ಪಾಳೆ!

"ಅದ್ಭುತ ದಾಕ್ಷಾಯಣಮ್ಮ! ಮೊದಲ ಬಹುಮಾನ ನಿಮ್ಗೇ," ಎಂದರು ತೀರ್ಪುಗಾರರು. "ಕೊನೇಲಿ ಅಂಕಿತದ ಹತ್ರ ಮಾತ್ರ ಶ್ರುತಿ ಸ್ವಲ್ಪ ಇಳೀತು."

"ನಾನಿನ್ನೂ ಹಾಡೇ ಇಲ್ವಲ್ಲ!"

"ನಿನ್ನ ಹಾಡು ನಿನಗಿಂತ ಮೊದ್ಲೇ ಹೋಗಿ ಮುಟ್ಟಿದೆ ಕಣೇ!" ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

ಬಹುಮಾನ ಬಂದರೂ ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ಅಭ್ಯಾಸ ಮಾಡಿದ್ದು ಹಾಡುವುದಕ್ಕೆ, ಹಾಡದೆ ಗೆಲ್ಲುವುದಕ್ಕಲ್ಲ! "ಶ್ರುತಿ ಇಳೀತಂತೆ! ಅದ್ಹೇಗೆ ಇಳಿಯುತ್ತೆ ನೋಡೇ ಬಿಡ್ತೀನಿ!" ಎಂದು ನೆರೆದವರ ಕಡೆ ತಿರುಗಿ ಕೂತು ವಚನ ಎತ್ತಿಕೊಂಡಳು.

ಎಂಥ ಹಾಡು! ಇಕ್ಬಾಲ್ ಸಾಹೇಬರು ಕ್ರಿಕೆಟ್ ಮರೆತರು. ಹಾಡು ಅಂಕಿತಕ್ಕೆ ಬಂತು. ಕಣ್ಣುಮುಚ್ಚಿ, ಶ್ರುತಿಯನ್ನು ಗಟ್ಟಿಯಾಗಿ ಹಿಡಿದಳು.

ಢಮಾರ್! ಕುಕ್ಕರಿನ ಮುಚ್ಚಳ ಹಾರಿ ಫ್ಯಾನಿಗೆ ಬಡಿಯಿತು. ಬೆಚ್ಚಿದ ದಾಕ್ಷಾಯಣಿಯ ಶ್ರುತಿ ಸ್ವಲ್ಪ ಇಳಿಯಿತು. ಇಡೀ ಬೀದಿಯ ನೆಟ್ ಪೂರ್ತಿ ಸತ್ತಿತು.

ಆದರೂ ಚಪ್ಪಾಳೆಯೋ ಚಪ್ಪಾಳೆ! ಅವಳ ಕಣ್ಣು ಸಂತೋಷದಿಂದ ತುಂಬಿ ಬಂತು. ಹೊನ್ನಮ್ಮ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತಳು.

"ಇನ್ನೊಂದು ಹಾಡಿ ಅಕ್ಕಾ. ಹೆಂಗೂ ನೆಟ್ ಇಲ್ವಲ್ಲ!"