ಬೇಸ್ ಗಿಟಾರಿಗೆ ದುಃಖದ ಮನೆಯ ಅನುಮತಿ ನೀಡುವ ಕುರಿತು

ಪರಮ ದಯಾಳುವೂ ಕರುಣಾಮಯಿಯೂ ಆದ ಅಲ್ಲಾಹನ ನಾಮದಿಂದ

ಕಟ್ಟಡ ನಿವಾಸಿಗಳ ಸಮಿತಿ
(ಶಬ್ದ, ನೀರಿನ ಟ್ಯಾಂಕು ಮತ್ತು ಮೆಟ್ಟಿಲು ಶಾಖೆ)
ಹಳೆ ಬಂದರು ರಸ್ತೆ, ಸೈದಾ

ಸಂಖ್ಯೆ: ಕನಿಸ/ಶನೀಮೆ/ಬೇಸ್/೧
ಸ್ಥಳ: ಮೆಟ್ಟಿಲಡಿಯ ಕೊಠಡಿ

ಸುತ್ತೋಲೆ

ವಿಷಯ: ಮೂರನೇ ಮಹಡಿಯ ಜನಾಬ್ ವಫೀಕ್ ಹಬ್ಲಿ ಅವರು ನುಡಿಸುವ ಬೇಸ್ ಗಿಟಾರು ಸಂಗೀತವೆನಿಸುತ್ತದೆಯೇ, ಎನಿಸುವುದಾದಲ್ಲಿ ಗುರುವಾರದ ನಿಶ್ಚಿತಾರ್ಥದಲ್ಲಿ ಅದನ್ನು ನುಡಿಸಲು ದುಃಖದ ಮನೆಯ ಅನುಮತಿ ನೀಡುವ ಬಗ್ಗೆ.

ಉಲ್ಲೇಖ:
(೧) ಜನಾಬ್ ವಫೀಕ್ ಹಬ್ಲಿ ಅವರ ಅರ್ಜಿ (ಬಾಯಿಮಾತಿನಲ್ಲಿ, ಮೆಟ್ಟಿಲ ಮೇಲೆ).
(೨) ನಾಲ್ಕನೇ ಮಹಡಿಯ ಉಮ್ಮ್ ನಬೀಲ್ ಅವರ ಪ್ರಶ್ನೆ (ಬಾಲ್ಕನಿಯಿಂದ).
(೩) ಕೀಬೋರ್ಡ್ ವಾದಕ ಜನಾಬ್ ಜುಹೈರ್ ಅವರ ಎಡಗೈ.

ಪ್ರಸ್ತಾವನೆ

೧. ಈ ಶಾಖೆಯ ಕಾರ್ಯದರ್ಶಿಯವರ ಪತ್ನಿ, ಎರಡನೇ ಮಹಡಿಯ ಎಡಬದಿ ಮನೆಯ ಹಾಜ್ಜಾ ವಿದಾದ್ ಅವರು ಕಳೆದ ತಿಂಗಳು ಅಲ್ಲಾಹನ ಕರೆಗೆ ಓಗೊಟ್ಟ ಸಂಗತಿ ನಿವಾಸಿಗಳೆಲ್ಲರಿಗೂ ತಿಳಿದಿದೆ. ಸಾವಾದ ಕಟ್ಟಡದಲ್ಲಿ ನಲವತ್ತನೆಯ ದಿನದ ತನಕ ಹಾಡು ವಾದ್ಯ ಇರಕೂಡದೆಂಬ ರೂಢಿಯಂತೆ, ನಮ್ಮ ತಾರಸಿಯಲ್ಲಿ ಅಭ್ಯಾಸ ನಡೆಸುವ 'ತಾರಸಿ ವಾದ್ಯತಂಡ' ಎಂಬ ಹವ್ಯಾಸಿಗಳ ತಂಡಕ್ಕೆ ಮೌನವನ್ನು ವಿಧಿಸಲಾಗಿತ್ತು. ಸದರಿ ಸೂಚನೆಯಲ್ಲಿ ಕೀಬೋರ್ಡ್, ಡ್ರಮ್ ಹಾಗೂ ಹಾಡುಗಾರಿಕೆಯನ್ನು ಹೆಸರಿಸಲಾಗಿತ್ತು. ಬೇಸ್ ಗಿಟಾರನ್ನು ಹೆಸರಿಸಿರಲಿಲ್ಲ. ಇದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಯಾರಿಗೂ ಅದರ ನೆನಪಾಗಲಿಲ್ಲ.

೨. ತಮ್ಮ ವಾದ್ಯದ ಹೆಸರಿಲ್ಲದಿದ್ದಾಗ್ಯೂ ವಫೀಕ್ ಅವರು ತಾವಾಗಿಯೇ ನುಡಿಸುವುದನ್ನು ನಿಲ್ಲಿಸಿದರು. "ನಿನಗ್ಯಾಕಯ್ಯಾ ಈ ವ್ರತ? ನೀನು ಬಾರಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಆರಾಮಾಗಿ ಬಾರಿಸ್ಕೊಂಡಿರು" ಎಂದು ಡ್ರಮ್ ವಾದಕ ಜನಾಬ್ ಹೈಸಮ್ ಅವರು ಸಮಾಧಾನ ಹೇಳಿದರು. "ನಿಮ್ಮೆಲ್ಲರದೂ ನಿಂತಿದೆ ಅಂದ್ಮೇಲೆ ನಂದೂ ನಿಂತಿದೆ. ನಾನು ಬಾರಿಸೋದೂ ಸಂಗೀತಾನೇ ಕಣೋ" ಎಂದು ವಫೀಕ್ ಅವರು ಉತ್ತರಿಸಿದರು. ಇದಕ್ಕೆ ಹೈಸಮ್ ಅವರು ನಕ್ಕದ್ದನ್ನು ಶಾಖೆಯು ಗಮನಿಸಿದೆ.

೩. ಉಮ್ಮ್ ನಬೀಲ್ ಅವರ ಮಗಳ ನಿಶ್ಚಿತಾರ್ಥವು ಈ ಸಾವಿಗೆ ಮೊದಲೇ ನಿಗದಿಯಾಗಿದ್ದು, ಬರುವ ಗುರುವಾರ ಅಸರ್ ನಮಾಜಿನ ನಂತರ ತಾರಸಿಯಲ್ಲಿ ನಡೆಯತಕ್ಕದ್ದಾಗಿದೆ. ಇಂಥ ಸಂದರ್ಭದಲ್ಲಿ ಸಂತೋಷದ ಮನೆಯವರು ದುಃಖದ ಮನೆಗೆ ಬಂದು, ಸಕ್ಕರೆಯಿಲ್ಲದ ಕಾಫಿ ಕುಡಿದು, ಅನುಮತಿ ಬೇಡುವುದು ಪದ್ಧತಿ. ಅದರಂತೆ ತಂಡದ ಮೂವರು ಉಮ್ಮ್ ನಬೀಲ್ ಅವರೊಡನೆ ಬಂದು, ಕಾಫಿ ಕುಡಿದು, ಕೀಬೋರ್ಡಿಗೆ, ಡ್ರಮ್ಮಿಗೆ, ಹಾಡಿಗೆ ಅನುಮತಿ ಬೇಡಿ ಪಡೆದುಕೊಂಡರು. ಆ ವೇಳೆಗೆ ವಫೀಕ್ ಅವರು, ಸದರಿ ಮೂವರನ್ನು ತಮ್ಮ ಶಾಲಾ ವ್ಯಾನಿನಲ್ಲಿ ಕರೆತಂದು ಬಾಗಿಲಲ್ಲಿ ಇಳಿಸಿ, ವ್ಯಾನು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಅವರು ಮೇಲೆ ಬರುವಷ್ಟರಲ್ಲಿ ಲೋಟಗಳನ್ನು ತೊಳೆಯಲಾಗಿತ್ತು.

೪. ಬೇಸ್ ಗಿಟಾರಿಗೆ ಅನುಮತಿಯನ್ನು ಯಾರೂ ಕೇಳಲಿಲ್ಲವೆಂದು ಮೆಟ್ಟಿಲ ಮೇಲೆ ತಿಳಿದುಬಂದಾಗ ನಡೆದ ಮಾತುಕತೆಯನ್ನು, ಮೆಟ್ಟಿಲುಗಳು ಈ ಶಾಖೆಯ ವ್ಯಾಪ್ತಿಗೆ ಬರುವುದರಿಂದ, ಇದ್ದ ಹಾಗೆಯೇ ದಾಖಲಿಸಲಾಗಿದೆ:

ಜುಹೈರ್: "ಅಯ್ಯೋ ಮಾರಾಯ, ಅದಕ್ಕೊಂದು ಅನುಮತಿ ಬೇರೆಯಾ? ಸುಮ್ನೆ ಬಂದು ಬಾರಿಸು. ಯಾರಿಗೆ ಗೊತ್ತಾಗುತ್ತೆ?"

ವಫೀಕ್: "ಅದೇ ಬೇಡ ಅನ್ನೋದು. ಯಾರಿಗೂ ಗೊತ್ತಾಗಲ್ಲ ಅಂತ ಬಾರಿಸಿದ್ರೆ, ನಂದು ಸಂಗೀತ ಅಲ್ಲ ಅಂತ ನಾನೇ ಒಪ್ಕೊಂಡ ಹಾಗಾಯ್ತು. ನಿಮಗೆ ಸಿಕ್ಕ ಹಾಗೇ ನನಗೂ ಸಿಗ್ಬೇಕು. ಇಲ್ದಿದ್ರೆ ನಾನು ಬರಲ್ಲ."

ಜುಹೈರ್: "ಬರ್ಬೇಡ ಬಿಡು. ನನ್ನ ಎಡಗೈ ಖಾಲೀನೇ ಇದೆ. ಕೆಳಗಿನ ಸ್ವರ ಅದೇ ಒತ್ತುತ್ತೆ. ಗುರುವಾರ ಅದರಲ್ಲೇ ಸಾಗಿದ್ರೆ ಮುಂದಕ್ಕೂ ಅದೇ ಸಾಕು."

ಅಂದರೆ, ಗುರುವಾರ ಎಡಗೈಯಿಂದ ಕೆಲಸ ಸಾಗಿದಲ್ಲಿ ವಫೀಕ್ ಅವರಿಗೆ ತಂಡದಲ್ಲಿ ಇನ್ನು ಜಾಗವಿರುವುದಿಲ್ಲ. ಈ ಹಂತದಲ್ಲಿ ಉಮ್ಮ್ ನಬೀಲ್ ಅವರು ಬಾಲ್ಕನಿಯಿಂದ, "ಯಾರ ಮಾತು? ಹಿಂದೆ ನಿಂತ್ಕೊಳ್ತಾನಲ್ಲ, ಆ ಉದ್ದದವನಾ? ಅವನು ಡ್ರೈವರ್ ಅಲ್ವಾ?" ಎಂದು ವಿಚಾರಿಸಿದರು. ವಫೀಕ್ ಅವರು ಶಾಲಾ ವ್ಯಾನಿನ ಚಾಲಕರೂ ಆಗಿರುವುದರಿಂದ ಈ ಪ್ರಶ್ನೆಗೆ ಅಲ್ಲವೆನ್ನಲೂ ಬರಲಿಲ್ಲ.

ಪರಿಶೀಲನೆ

೫. ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಬೇಸ್ ಗಿಟಾರು ಕೇಳಿಸದಿದ್ದಲ್ಲಿ ಅದಕ್ಕೆ ಅನುಮತಿ ಬೇಕಿಲ್ಲ. ಕೇಳಿಸಿದಲ್ಲಿ ಬೇಕು. ಇದೆಯೆಂದು ಸಾಬೀತಾಗದ ವಸ್ತುವಿಗೆ ಅನುಮತಿ ನೀಡಿದರೆ ಮುಂದೆ ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಅನುಮತಿ ಕೇಳುವ ಅಪಾಯವಿದೆ. ಆದಕಾರಣ ದುಃಖದ ಮನೆಯ ಒಪ್ಪಿಗೆ ಪಡೆದು ಭಾನುವಾರ ಮಧ್ಯಾಹ್ನದ ನಮಾಜಿನ ನಂತರ ಪರೀಕ್ಷೆ ಏರ್ಪಡಿಸಲಾಯಿತು. (ಕಾರ್ಯದರ್ಶಿಯವರು ತಮ್ಮನ್ನು ತಾವೇ ಕೇಳಿ, ತಾವೇ ಒಪ್ಪಿದರು.) ವಫೀಕ್ ಅವರು ತಮ್ಮ ಕೋಣೆಯಲ್ಲಿ ನುಡಿಸತಕ್ಕದ್ದೆಂದೂ ಉಳಿದವರು ಕಿವಿಗೊಡತಕ್ಕದ್ದೆಂದೂ ಸೂಚಿಸಲಾಯಿತು. ಫಲಿತಾಂಶ ಹೀಗಿದೆ:

(ಅ) ಅದೇ ಕೋಣೆಯಲ್ಲಿ ನಿಂತಿದ್ದ ಜುಹೈರ್ ಅವರು, ವಫೀಕ್ ಅವರು ಒಂದು ಹಾಡಿನಷ್ಟು ನುಡಿಸಿದ ಬಳಿಕ, "ಹ್ಞೂಂ, ಶುರು ಮಾಡಪ್ಪ, ಹೊತ್ತಾಯ್ತು" ಎಂದರು.

(ಆ) ಎದುರು ಮನೆಯವರು ಅದನ್ನು ತಮ್ಮ ಫ್ರಿಜ್ಜಿನ ಸದ್ದೆಂದು ಹೇಳಿಕೆ ಕೊಟ್ಟರು. ಸದರಿ ಫ್ರಿಜ್ಜು ಕೆಟ್ಟು ಬಹಳ ಕಾಲವಾಗಿದ್ದು, ಅದರಲ್ಲಿ ಚಪ್ಪಲಿ ಇಡುತ್ತಿರುವುದು ತಪಾಸಣೆಯಲ್ಲಿ ಕಂಡುಬಂತು.

(ಇ) ನೆಲಮಹಡಿಯ ತರಕಾರಿ ಅಂಗಡಿಯವರು ಟೊಮೆಟೊ ಲಾರಿ ಬಂತೆಂದು ಮುಂದಿನ ಕುರ್ಚಿಗಳನ್ನೆಲ್ಲ ಸರಿಸಿ ಜಾಗ ಮಾಡಿಟ್ಟರು.

(ಈ) ಉಮ್ಮ್ ನಬೀಲ್ ಅವರು, "ನನಗೇನೂ ಕೇಳಿಸ್ಲಿಲ್ಲಪ್ಪ. ಯಾಕೋ ಎದ್ದು ಸೊಂಟ ಕುಣಿಸ್ಬೇಕು ಅನ್ನಿಸ್ತು, ಅಷ್ಟೆ. ರಕ್ತದಲ್ಲಿ ಸಕ್ಕರೆ ಏರಿರ್ಬೇಕು" ಎಂದರು.

(ಉ) ಮಸೀದಿಯ ಇಮಾಮರು ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು, ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿ, "ಕೇಳಿಸದೆ ಇದ್ದದ್ದರ ಬಗ್ಗೆ ನಾನು ಹೇಗಪ್ಪಾ ತೀರ್ಪು ಹೇಳಲಿ? ಅಲ್ಲಾಹನಿಗೇ ಚೆನ್ನಾಗಿ ಗೊತ್ತು" ಎಂದು ಹೇಳಿ ಹೊರಟುಹೋದರು.

೬. ಇಷ್ಟಾದ ಮೇಲೆ ಬೇಸ್ ಗಿಟಾರು ಕೇಳಿಸುವುದಿಲ್ಲವೆಂಬ ತೀರ್ಮಾನಕ್ಕೆ ಬಂದು ವಫೀಕ್ ಅವರಿಗೆ ನಿಲ್ಲಿಸಲು ಸೂಚಿಸಲಾಯಿತು. ಅವರು ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ ಕಟ್ಟಡದ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. "ನೀರಿನ ಪಂಪು ನಿಂತೋಯ್ತಾ?" ಎಂದು ಒಬ್ಬರು ಕೇಳಿದರು. "ಕರೆಂಟ್ ಹೋಯ್ತೇನ್ರೀ?" ಎಂದು ಇನ್ನೊಬ್ಬರು ಇಣುಕಿದರು. ಉಮ್ಮ್ ನಬೀಲ್ ಅವರು ಸೌಟು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದು, "ಏನಾಯ್ತು? ಏನೋ ಇತ್ತು, ಈಗಿಲ್ಲ!" ಎಂದರು. ಜುಹೈರ್ ಅವರ ಎಡಗೈಯನ್ನು ಕರೆಸಿ ಅದೇ ಸ್ವರಗಳನ್ನು ಒತ್ತಿಸಿ ನೋಡಲಾಯಿತು. ಯಾರೂ ಒಳಗೆ ಹೋಗಲಿಲ್ಲ. ವಫೀಕ್ ಅವರು ಮತ್ತೆ ನುಡಿಸಿದ ಮೇಲೆ ಎಲ್ಲರೂ ಸುಮ್ಮನೆ ಬಾಗಿಲು ಹಾಕಿಕೊಂಡರು.

೭. ಎರಡನೇ ಮಹಡಿಯ ಎಡಬದಿ ಮನೆಯ ಸಾಕ್ಷ್ಯವನ್ನು ಪ್ರತ್ಯೇಕವಾಗಿ ಪರಿಗಣಿಸಲಾಗಿದೆ. ಸದರಿ ಮನೆಯ ಮಲಗುವ ಕೋಣೆ ವಫೀಕ್ ಅವರ ಕೋಣೆಯ ನೇರ ಕೆಳಗಿದ್ದು, ಹಾಜ್ಜಾ ವಿದಾದ್ ಅವರು ಕಾಯಿಲೆಯ ಕಾಲದಲ್ಲಿ ಅಲ್ಲಿಯೇ ಮಲಗಿರುತ್ತಿದ್ದರು. ಡ್ರಮ್ಮಾಗಲಿ ಹಾಡಾಗಲಿ ತಾರಸಿಯಿಂದ ಅಲ್ಲಿಯ ತನಕ ಇಳಿದದ್ದಿಲ್ಲ. ಬೇಸ್ ಗಿಟಾರು ಮಾತ್ರ ಛಾವಣಿಯಿಂದ ಇಳಿದು ಬರುತ್ತಿತ್ತು. ಈ ವಿಷಯದಲ್ಲಿ ಮೇಲಿನ ಮನೆಗೆ ದೂರು ಕೊಡುವ ಪ್ರಸ್ತಾಪವನ್ನು ಕಾರ್ಯದರ್ಶಿಯವರು ಒಮ್ಮೆ ಮಂಡಿಸಿದ್ದರು. ಆಗ ಹಾಜ್ಜಾ ಅವರು, "ಬೈದೀರಿ ಮತ್ತೆ! ಅವನು ನಿಲ್ಲಿಸಿದ್ರೆ ನಾನೇ ಕೋಲು ತಗೊಂಡು ಛಾವಣಿ ಕುಟ್ತೀನಿ, ನೋಡ್ತಾ ಇರಿ" ಎಂದು ಪ್ರಸ್ತಾಪವನ್ನು ತಿರಸ್ಕರಿಸಿದರು. ವಾದ್ಯ ಕೇಳಿಬರದ ದಿನಗಳಲ್ಲಿ, "ಮೇಲಿನ ಹುಡುಗ ಯಾಕೆ ಇನ್ನೂ ಶುರು ಮಾಡಿಲ್ಲ? ವ್ಯಾನು ಬಂದಿಲ್ವಾ? ಒಂದ್ಸಲ ನೋಡಿ ಬನ್ನಿ, ಊಟ ಮಾಡಿದ್ನೋ ಇಲ್ವೋ" ಎಂದು ಕಾರ್ಯದರ್ಶಿಯವರನ್ನು ಮೆಟ್ಟಿಲು ಹತ್ತಿಸುತ್ತಿದ್ದರು. ಕಾರ್ಯದರ್ಶಿಯವರು ನೀರಿನ ಟ್ಯಾಂಕು ನೋಡುವ ನೆವದಿಂದ ಹತ್ತಿ ಇಳಿಯುತ್ತಿದ್ದರು. ಅಲ್ಲಾಹನು ಆಕೆಗೆ ಸ್ವರ್ಗದ ನೆರಳನ್ನು ಕರುಣಿಸಲಿ.

೮. ಹೀಗಿರುವಾಗ ಬೇಸ್ ಗಿಟಾರಿಗೆ ದುಃಖದ ಮನೆಯ ಅನುಮತಿಯನ್ನು ಆ ಮನೆಯ ಒಡತಿಯೇ ಬಹಳ ಹಿಂದೆ ಕೊಟ್ಟಿರುವುದು ಸಾಬೀತಾಗಿದೆ. ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಕಾರ್ಯದರ್ಶಿಯವರಿಗೆ ಆಕೆ ಬದುಕಿದ್ದಾಗಲೂ ಇರಲಿಲ್ಲ.

ಆದೇಶ

೯. ಬೇಸ್ ಗಿಟಾರನ್ನು ಈ ಕಟ್ಟಡದ ನೆಲಮಹಡಿಯಿಂದ ತಾರಸಿಯವರೆಗೆ ಸಂಗೀತವೆಂದು ಈ ಮೂಲಕ ಘೋಷಿಸಲಾಗಿದೆ. ಗುರುವಾರ ವಫೀಕ್ ಹಬ್ಲಿ ಅವರು ಪೂರ್ಣ ಅನುಮತಿಯೊಂದಿಗೆ, ತಂಡದ ಸದಸ್ಯರಾಗಿ, ನುಡಿಸತಕ್ಕದ್ದು. ಆ ಸಂಬಂಧ ಈ ಕೆಳಗಿನವುಗಳನ್ನು ಎಲ್ಲರೂ ತಪ್ಪದೆ ಪಾಲಿಸುವಂತೆ ಸೂಚಿಸಲಾಗಿದೆ:

(ಅ) ಜುಹೈರ್ ಅವರ ಎಡಗೈಯು ಕೀಬೋರ್ಡಿನ ನಡುವನ್ನು ದಾಟಿ ಎಡಕ್ಕೆ ಹೋಗತಕ್ಕದ್ದಲ್ಲ. ಕೆಲಸವಿಲ್ಲದಾಗ ಅದು ಜೇಬಿನಲ್ಲಿರತಕ್ಕದ್ದು, ಅಥವಾ ಕಿಬ್ಬೆ ಎಂಬ ಮಾಂಸದುಂಡೆಗಳ ತಟ್ಟೆ ಹಿಡಿದಿರತಕ್ಕದ್ದು. ತಟ್ಟೆ ಖಾಲಿಯಾದ ಕೂಡಲೇ ತುಂಬಿಸುವ ಹೊಣೆ ವಧುವಿನ ಕಡೆಯವರದು.

(ಆ) "ನಾಲ್ಕೇ ತಂತಿ ಇದೆಯಲ್ಲ, ಇನ್ನೆರಡು ಯಾವಾಗ ಹಾಕಿಸ್ತೀಯ?" ಎಂಬ ಪ್ರಶ್ನೆಯನ್ನು ಕಟ್ಟಡದ ಆವರಣದಲ್ಲಿ ನಿಷೇಧಿಸಲಾಗಿದೆ. ವರನ ಚಿಕ್ಕಪ್ಪಂದಿರಿಗೆ ಒಂದು ಬಾರಿ ರಿಯಾಯಿತಿ ಇದೆ.

(ಇ) ಸ್ಪೀಕರ್ ಪೆಟ್ಟಿಗೆಯನ್ನು ತಾರಸಿಗೆ ಸಾಗಿಸುವಾಗ, ಕೇವಲ ಎರಡು ಕೋಲು ಅಥವಾ ಕೇವಲ ಗಂಟಲು ಹೊತ್ತು ಬಂದಿರುವ ಸದಸ್ಯರು ಅದರ ಒಂದು ಬದಿಯನ್ನು ಎತ್ತತಕ್ಕದ್ದು. ಬಾಗಿಲು ಹಿಡಿದು ನಿಲ್ಲುವುದನ್ನು ಎತ್ತುವುದೆಂದು ಪರಿಗಣಿಸಲಾಗದು. ಹಿಂದಿನಿಂದ "ಹುಷಾರು, ಹುಷಾರು" ಎನ್ನುವುದನ್ನೂ ಪರಿಗಣಿಸಲಾಗದು.

(ಈ) ಸ್ಪೀಕರಿಗೆ ವೈರು ಚುಚ್ಚದೆ ಇರುವಾಗ "ಸ್ವಲ್ಪ ಕಮ್ಮಿ ಮಾಡು" ಎಂದು ವಫೀಕ್ ಅವರಿಗೆ ಹೇಳತಕ್ಕದ್ದಲ್ಲ.

(ಉ) ನಮ್ಮ ರಾಗಗಳ ನಡುಸ್ವರಗಳು ಸಿಗಲೆಂದು ವಫೀಕ್ ಅವರು ವಾದ್ಯದ ಕುತ್ತಿಗೆಯ ಲೋಹದ ಪಟ್ಟಿಗಳನ್ನು ಇಕ್ಕಳದಿಂದ ಕಿತ್ತು ಹಾಕಿದ್ದು, ಆಮೇಲೆ ಯಾವ ಸ್ವರವೂ ಎಲ್ಲಿದೆಯೆಂದು ತಿಳಿಯದೆ ತಮ್ಮ ಅಕ್ಕನ ಉಗುರುಬಣ್ಣದಿಂದ ಗುರುತು ಹಾಕಿಕೊಂಡಿರುತ್ತಾರೆ. ಕೆಂಪು ಮುಗಿದ ಕಾರಣ ಮೇಲಿನ ಸ್ವರಗಳು ಗುಲಾಬಿ ಬಣ್ಣದಲ್ಲಿವೆ. ಈ ಬಗ್ಗೆ ವಧುವಿನ ಗೆಳತಿಯರು ನಗತಕ್ಕದ್ದಲ್ಲ. ಅಂಥ ಬಣ್ಣ ಎಲ್ಲಿ ಸಿಗುತ್ತದೆಂದು ನಡುಹಾಡಿನಲ್ಲಿ ವಿಚಾರಿಸತಕ್ಕದ್ದೂ ಅಲ್ಲ.

(ಊ) ಬೇಸ್ ಗಿಟಾರೊಂದೇ ನುಡಿಯುವ ಭಾಗವನ್ನು ಕಾಫಿ ವಿರಾಮವೆಂದು ಭಾವಿಸಿ ಎದ್ದು ಹೋದವರನ್ನು, ಮುಂದಿನ ಹಾಡು ಮುಗಿಯುವ ತನಕ ವಫೀಕ್ ಅವರ ಪಕ್ಕದಲ್ಲಿ ವೈರು ಹಿಡಿಸಿ ನಿಲ್ಲಿಸಲಾಗುವುದು. ಹಿರಿಯರಿಗೆ ಕುರ್ಚಿ ಒದಗಿಸಲಾಗುವುದು.

(ಋ) ಛಾಯಾಗ್ರಾಹಕರು ತಂಡದ ಚಿತ್ರ ತೆಗೆಯುವಾಗ ಹಿಂದೆ ನಿಂತವರೂ ಚಿತ್ರದಲ್ಲಿರತಕ್ಕದ್ದು. ಜಾಗ ಸಾಲದಿದ್ದಲ್ಲಿ ನೀರಿನ ಟ್ಯಾಂಕನ್ನು ಬಿಡಬಹುದು. ಟ್ಯಾಂಕಿನ ಪರವಾಗಿ ಈ ಶಾಖೆಯ ಆಕ್ಷೇಪವಿಲ್ಲ.

(ಎ) ದಬ್ಕೆ ಕುಣಿತದಲ್ಲಿ ಹೆಜ್ಜೆ ಸರಿಬಿದ್ದರೆ ಅದರ ಶ್ರೇಯವನ್ನು ಎಲ್ಲರೂ ಡ್ರಮ್ಮಿಗೂ, ತಪ್ಪಿಬಿದ್ದರೆ ದೋಷವನ್ನು ಬೇಸ್ ಗಿಟಾರಿಗೂ ಹಂಚುವ ಈವರೆಗಿನ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಮೊದಲು ಹೈಸಮ್ ಅವರನ್ನು ವಿಚಾರಿಸತಕ್ಕದ್ದು.

೧೦. ರೂಢಿಯಂತೆ ದುಃಖದ ಮನೆಯವರು ಸಂತೋಷದ ಕೂಟಕ್ಕೆ ಬರುವಂತಿಲ್ಲ. ಗುರುವಾರ ಎರಡನೇ ಮಹಡಿಯ ಎಡಬದಿ ಬಾಗಿಲು ಮುಚ್ಚಿರುತ್ತದೆ. ತಾರಸಿಯ ಕಡಲಬದಿ ಮೂಲೆಯ ಕಂಬವು ಮಹಡಿಗಳ ಮೂಲಕ ಹಾದು ಸದರಿ ಮನೆಯ ಮಲಗುವ ಕೋಣೆಯ ಗೋಡೆಯೊಳಗೆ ಇಳಿದಿರುತ್ತದೆ. ವಫೀಕ್ ಅವರ ಸ್ಪೀಕರ್ ಪೆಟ್ಟಿಗೆಯನ್ನು ಆ ಕಂಬಕ್ಕೆ ತಾಗಿಸಿ, ಬರಿಯ ನೆಲದ ಮೇಲೆ ಇಡತಕ್ಕದ್ದು. ಅಡಿಯಲ್ಲಿ ಕಂಬಳಿ, ಚಾಪೆ ಇತ್ಯಾದಿ ಯಾವುದನ್ನೂ ಹಾಸತಕ್ಕದ್ದಲ್ಲ. ಈ ಖಂಡಿಕೆಗೆ ಕಾರಣವನ್ನು ಕೇಳತಕ್ಕದ್ದಲ್ಲ.

ಸಹಿ/-
(ಹಾಜಿ ಮುನೀಬ್ ನಹ್ಹಾಸ್)
ಕಾರ್ಯದರ್ಶಿ
ಶಬ್ದ, ನೀರಿನ ಟ್ಯಾಂಕು ಮತ್ತು ಮೆಟ್ಟಿಲು ಶಾಖೆ

ಪ್ರತಿಗಳು:

೧. ಜನಾಬ್ ವಫೀಕ್ ಹಬ್ಲಿ, ಮೂರನೇ ಮಹಡಿ: ಮಾಹಿತಿಗಾಗಿ. ಚೌಕಟ್ಟು ಹಾಕಿಸಲು ಅಡ್ಡಿಯಿಲ್ಲ.
೨. ಜನಾಬ್ ಜುಹೈರ್ ಅವರ ಬಲಗೈ: ಮಾಹಿತಿಗಾಗಿ.
೩. ಜನಾಬ್ ಜುಹೈರ್ ಅವರ ಎಡಗೈ: ಕಟ್ಟುನಿಟ್ಟಿನ ಪಾಲನೆಗಾಗಿ.
೪. ಉಮ್ಮ್ ನಬೀಲ್, ನಾಲ್ಕನೇ ಮಹಡಿ: ಶುಭಾಶಯಗಳೊಂದಿಗೆ. ಸಕ್ಕರೆಯ ಪರೀಕ್ಷೆ ಅಗತ್ಯವಿಲ್ಲ.
೫. ತರಕಾರಿ ಅಂಗಡಿ, ನೆಲಮಹಡಿ: ಗುರುವಾರ ಲಾರಿ ಬರುವುದಿಲ್ಲ.
೬. ಬೀದಿಯ ಜನರೇಟರ್ ಮಾಲೀಕ ಅಬು ಶಾದಿ: ಅಸರ್‌ನಿಂದ ಸೂರ್ಯಾಸ್ತದ ಮಗ್ರಿಬ್‌ವರೆಗೆ ಕರೆಂಟ್ ತೆಗೆಯದಿರಲು ಅಲ್ಲಾಹನ ಹೆಸರಿನಲ್ಲಿ ಕೋರಿಕೆ.
೭. ಎರಡನೇ ಮಹಡಿ, ಎಡಬದಿ ಮನೆ: ಪ್ರತಿ ಬೇಕಿಲ್ಲ. ಕಂಬದ ಮೂಲಕ ತಲುಪಿದರೆ ಸಾಕು.